ಗ್ರಹಣವನ್ನು ಕಾಣಲು ಯಾವ ಊರಿಗೆ?



ಪ್ರವಾಸ ಹೊರಡುವಾಗ ನಾವು ಊರನ್ನು ಮೊದಲು ಗೊತ್ತುಮಾಡಿ, ದಿನವನ್ನು ಆಮೇಲೆ ನೋಡುತ್ತೇವೆ. ಪೂರ್ಣ ಸೂರ್ಯಗ್ರಹಣವನ್ನು ಕಾಣಹೊರಟವರ ರೀತಿಯೇ ಬೇರೆ. ದಿನವನ್ನೂ ಗಳಿಗೆಯನ್ನೂ ಗಣಿತವು ಎಷ್ಟೋ ವರ್ಷ ಮುಂಚೆಯೇ ಗೊತ್ತುಮಾಡಿರುತ್ತದೆ. ಆರಿಸಬೇಕಾದುದು ಊರನ್ನು ಮಾತ್ರ. ಆ ಆಯ್ಕೆಯಾದರೂ ಸುಲಭವಲ್ಲ. ಚಂದ್ರನ ದಟ್ಟ ನೆರಳು ಭೂಮಿಯ ಮೇಲೆ ಕಿರಿದಾದ ಪಟ್ಟೆಯಂತೆ ಹರಿದುಹೋಗುತ್ತದೆ. ಆ ಪಟ್ಟೆಯೊಳಗೆ ಹಗಲು ಕತ್ತಲಾಗಿ, ಮರೆಯಾದ ಸೂರ್ಯನ ಸುತ್ತ ಬೆಳ್ಳಿಯ ಪ್ರಭಾವಳಿ ತೋರುತ್ತದೆ. ಹೊರಗೆ ನಿಂತವರಿಗೆ ಬಿಂಬವು ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮುಚ್ಚಿದರೂ ಆ ನೋಟವಿಲ್ಲ. ಒಳಗಿನ ಊರುಗಳಲ್ಲಿಯೂ ಮೋಡ ಎಲ್ಲಿ ಕವಿಯುವುದೆಂಬುದನ್ನು ಗ್ರಹಗಣಿತವು ಹೇಳಲಾರದು.

ಈ ಕಷ್ಟವನ್ನು ಹಿಂದಿನವರು ಹೇಗೆ ಎದುರಿಸಿದರೆಂಬುದಕ್ಕೆ ನಮ್ಮ ನಾಡಿನ ಮೇಲೆಯೇ ಹಾದುಹೋದ ಒಂದು ಗ್ರಹಣವನ್ನು ನೆನೆಯೋಣ. ಅದು 1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ನೆರಳು ಪಡುಗಡಲಿನಿಂದ ಬಂದು, ವಿಜಾಪುರದ ಸೀಮೆಯನ್ನು ದಾಟಿ, ಮಚಲೀಪಟ್ಟಣದ ಬಳಿ ಮೂಡುಗಡಲನ್ನು ಸೇರಿತು. ಪೂರ್ಣತೆಯ ಕಾಲ ಐದು ನಿಮಿಷಕ್ಕೂ ಮಿಗಿಲು. ಇಂತಹ ದೀರ್ಘಗ್ರಹಣ ಅಪರೂಪ. ಆದರೆ ಕಾಲವು ಮಳೆಗಾಲ! ಐದು ನಿಮಿಷಕ್ಕಾಗಿ ಸಾವಿರಾರು ಮೈಲಿ ಬಂದವರನ್ನು ಒಂದು ತುಂಡು ಮೋಡ ಬರಿಗೈಯಲ್ಲಿ ಕಳುಹಿಸಬಹುದಾಗಿತ್ತು.

ಆದುದರಿಂದ ವೀಕ್ಷಕರು ಒಂದೇ ಊರನ್ನು ನಂಬಲಿಲ್ಲ. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಗೆ ಬಂದರು. ಇವರು ಪ್ರಸಿದ್ಧ ಖಗೋಳಜ್ಞ ಸರ್ ಜಾನ್ ಹರ್ಷೆಲರ ಮಗ. ಕ್ಯಾಪ್ಟನ್ ಹೇಗ್ ವಿಜಾಪುರದಲ್ಲಿ ನಿಂತರು. ಮದರಾಸಿನ ವೇಧಶಾಲೆಯಿಂದ ಪಾಗ್ಸನ್ನರು ಮಚಲೀಪಟ್ಟಣಕ್ಕೂ, ಅದೇ ಶಾಲೆಯ ಚಿಂತಾಮಣಿ ರಘುನಾಥಾಚಾರ್ಯರು ವನಪರ್ತಿಗೂ ತೆರಳಿದರು. ಮೇಜರ್ ಟೆನೆಂಟ್ ಗುಂಟೂರನ್ನು ಆರಿಸಿಕೊಂಡರು.

ಫ್ರಾನ್ಸಿನಿಂದ ಬಂದ ಜ್ಯೂಲ್ ಜಾನ್ಸನ್ನರದೂ ಗುಂಟೂರೇ. ಅವರ ವಿವೇಚನೆ ಗಮನಾರ್ಹವಾದುದು. ಕಡಲತೀರದಲ್ಲಿ ಮಂಜಿನ ಭಯ. ಬೆಟ್ಟಗಳ ಶಿಖರಗಳಲ್ಲಿ ಮೋಡದ ಭಯ. ಗುಂಟೂರು ಇವೆರಡಕ್ಕೂ ನಡುವೆ ಇದ್ದು, ನೆರಳಿನ ಪಟ್ಟೆಯ ಮಧ್ಯಕ್ಕೂ ಸಮೀಪವಾಗಿತ್ತು. ಅಲ್ಲಿದ್ದ ಫ್ರೆಂಚ್ ವರ್ತಕರೊಬ್ಬರ ಮನೆಯೇ ಅವರ ವೇಧಶಾಲೆಯಾಯಿತು.

ಗ್ರಹಣದ ಬೆಳಿಗ್ಗೆ ಜಮಖಂಡಿಯಲ್ಲಿ ಮೋಡಗಳು ಒಂದರ ಹಿಂದೊಂದು ಹಾಯುತ್ತಿದ್ದುವು. ಅವುಗಳ ನಡುವೆ ದೊರೆತ ಕೆಲವೇ ಕ್ಷಣಗಳಲ್ಲಿ ಹರ್ಷೆಲರು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತದರ್ಶಕವನ್ನು ಸೂರ್ಯನ ಅಂಚಿನ ಕೆಂಪು ಜ್ವಾಲೆಗೆ ತಿರುಗಿಸಿ, ಮೂರು ಉಜ್ಜ್ವಲ ರೇಖೆಗಳನ್ನು ಕಂಡರು. ಗುಂಟೂರಿನಲ್ಲಿ ಆಕಾಶವು ಹೆಚ್ಚು ಅನುಕೂಲವಾಗಿತ್ತು. ಜಾನ್ಸನ್ನರೂ ಅಂತಹ ರೇಖೆಗಳನ್ನೇ ಕಂಡರು. ಈ ಜ್ವಾಲೆಗಳು ಉರಿಯುವ ಅನಿಲದ ರಾಶಿಗಳೆಂಬುದು ಸಿದ್ಧವಾಯಿತು. ರೇಖೆಗಳ ಕಾಂತಿಯನ್ನು ನೋಡಿ, ಗ್ರಹಣವಿಲ್ಲದಾಗಲೂ ಇವು ಕಾಣಬಹುದೆಂದು ಜಾನ್ಸನ್ನರಿಗೆ ಹೊಳೆಯಿತು. ಮರುದಿನ, ಬಿಸಿಲಿನಲ್ಲಿಯೇ, ಅವನ್ನು ಕಂಡೇಬಿಟ್ಟರು! ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಆ ಅಕ್ಟೋಬರಿನಲ್ಲಿ ಸ್ವತಂತ್ರವಾಗಿ ಅದನ್ನೇ ಸಾಧಿಸಿದರು. ಇಬ್ಬರ ವರದಿಗಳೂ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಒಂದೇ ದಿನ ತಲುಪಿದುವು; ಮುಂದೆ ಫ್ರೆಂಚ್ ಸರ್ಕಾರವು ಇಬ್ಬರ ಮುಖಗಳನ್ನೂ ಒಂದೇ ಪದಕದಲ್ಲಿ ಅಚ್ಚೊತ್ತಿಸಿತು. ಸೂರ್ಯನ ಹಳದಿ ರೇಖೆಯೊಂದು ಹೊಸ ಧಾತುವಿನದೆಂದು ಲಾಕ್ಯರ್ ಊಹಿಸಿದರು. ಅದೇ ಹೀಲಿಯಂ; 1895ರಲ್ಲಿ ರಾಮ್ಸೆಯವರು ಅದನ್ನು ಭೂಮಿಯ ಖನಿಜದಲ್ಲಿಯೂ ಪಡೆದರು.

ಈಗ ಇನ್ನೊಂದು ದಿನವನ್ನು ನೆನೆಯೋಣ. 1980ರ ಫೆಬ್ರವರಿ 16, ಮಾಘದ ಅಮಾವಾಸ್ಯೆ. ಮಳೆಗಾಲದ ಆತಂಕವಿಲ್ಲ. ಮಧ್ಯಾಹ್ನದ ಹೊತ್ತು ನೆರಳು ಅಂಕೋಲೆಯ ಕಡೆ ನೆಲವನ್ನು ಮುಟ್ಟಿ, ರಾಯಚೂರಿನ ಸೀಮೆಯನ್ನು ಹಾದು ತೆಲುಗುನಾಡಿಗೆ ಹೋಯಿತು. ದೂರದೇಶಗಳ ವಿಜ್ಞಾನಿಗಳು ಬಂದು ಬಿಡಾರ ಹೂಡಿದರು. ನಮ್ಮವರಲ್ಲಿ ಅನೇಕರು ಬಾಗಿಲು ಕಿಟಕಿಗಳನ್ನು ಮುಚ್ಚಿ ಒಳಗೆ ಕುಳಿತರು, ಬೀದಿಗಳು ಬರಿದಾದುವು. ಜಾನ್ಸನ್ನರು ಕಡಲುಗಳನ್ನು ದಾಟಿ ಅರಸಿಬಂದಂತಹ ನೋಟವು ಇವರ ಅಂಗಳಕ್ಕೇ ಬಂದಿತ್ತು. ಅದನ್ನು ಇವರಿಂದ ಮರೆಮಾಡಿದುದು ಮೋಡವಲ್ಲ.

2027ರ ಆಗಸ್ಟ್ 2ರಂದು ನೆರಳು ಈಜಿಪ್ಟಿನ ಲಕ್ಸರ್ ನಗರದ ಮೇಲೆ ಆರು ನಿಮಿಷಕ್ಕೂ ಹೆಚ್ಚು ಕಾಲ ನಿಲ್ಲುವುದೆಂದು ಗಣಿತವು ತಿಳಿಸುತ್ತದೆ. ಅದು ಮರುಭೂಮಿಯ ಅಂಚಿನ ಊರು. ಆಗಸ್ಟಿನಲ್ಲಿ ಅಲ್ಲಿ ಮಳೆಯಿಲ್ಲ. ಹೋಗಬಯಸುವವರು ಜಾನ್ಸನ್ನರಂತೆ ಮೊದಲು ನೆರಳಿನ ನಡುಗೆರೆಯನ್ನೂ, ಅನಂತರ ಆ ಋತುವಿನ ಆಕಾಶವನ್ನೂ ವಿಚಾರಿಸಲಿ; ಸೂರ್ಯಬಿಂಬದ ಒಂದು ಎಳೆ ಉಳಿದಿರುವವರೆಗೂ ತಕ್ಕ ಕನ್ನಡಕವಿಲ್ಲದೆ ನೋಡದಿರಲಿ. ಹೋಗಲಾರದವರು ನೆರಳು ತಮ್ಮ ಊರಿಗೆ ಬಂದ ದಿನ ಬಾಗಿಲನ್ನು ತೆರೆದಿಟ್ಟರೆ ಸಾಕು.