ಮಳೆ ನೋಡುವ ರಾಡಾರ್: ಸ್ಪಂದ ಬದಲಾದರೆ ಲೆಕ್ಕವೂ ಬದಲಾಗಬೇಕು

ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಚಚಡಿಯ ಮೇಲೆ ಕವಿಯುವ ಮೋಡವನ್ನು ದೂರದಿಂದ ಗಮನಿಸಬಲ್ಲ ಕಣ್ಣುಗಳಲ್ಲಿ ಪಣಜಿಯಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ಡಾಪ್ಲರ್ ರಾಡಾರ್ ಕೂಡ ಒಂದು. ನೇರ ದೂರ ಸುಮಾರು 130 ಕಿ.ಮೀ.; ನಡುವೆ ಸಹ್ಯಾದ್ರಿ. ಭೂಮಿಯ ಬಾಗಿನಿಂದಾಗಿ, ಅರ್ಧ ಡಿಗ್ರಿ ಓರೆಯಲ್ಲಿ ಹೊರಟ ಕಿರಣದ ಮಧ್ಯಭಾಗವು ಇಲ್ಲಿಗೆ ತಲುಪುವ ವೇಳೆಗೆ ರಾಡಾರ್ ಮಟ್ಟಕ್ಕಿಂತ ಸುಮಾರು 2 ಕಿ.ಮೀ. ಮೇಲಿರುತ್ತದೆ. ಇಷ್ಟು ದೂರದ ಕ್ಷೀಣ ಪ್ರತಿಧ್ವನಿಯಿಂದ ಮಳೆಯ ಪ್ರಮಾಣವನ್ನು ಹೇಳಬೇಕಾದರೆ, ರಾಡಾರ್ ಹೊರಬಿಡುವ ಸ್ಪಂದವನ್ನು, ಅರ್ಥಾತ್ ಪಲ್ಸನ್ನು, ಸರಿಯಾಗಿ ನಿಗದಿಪಡಿಸಿರಬೇಕು. ಈ ಕಾರ್ಯ ನಡೆಯುವುದು ಸಂಕೇತ ಸಂಸ್ಕಾರಕದಲ್ಲಿ.

ಉದ್ದ ಮತ್ತು ಆವರ್ತನೆ

ಒಂದು ಮೈಕ್ರೊಸೆಕೆಂಡಿನ ಸ್ಪಂದವು 150 ಮೀಟರ್ ಅಂತರದ ಮಳೆಪದರಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಎರಡು ಮೈಕ್ರೊಸೆಕೆಂಡ್ ಆದರೆ 300 ಮೀಟರ್. ಉದ್ದ ಸ್ಪಂದದಲ್ಲಿ ಶಕ್ತಿ ಹೆಚ್ಚು. ದೂರದ ತುಂತುರೂ ಕಾಣುತ್ತದೆ, ಆದರೆ ಸೂಕ್ಷ್ಮತೆ ಮಸುಕಾಗುತ್ತದೆ.

ಸೆಕೆಂಡಿಗೆ ಎಷ್ಟು ಸ್ಪಂದ ಎಂಬುದು ಎರಡನೆಯ ಪ್ರಶ್ನೆ. 300 ಬಾರಿ ಬಿಟ್ಟರೆ 500 ಕಿ.ಮೀ.ವರೆಗಿನ ದೂರವನ್ನು ಗೊಂದಲವಿಲ್ಲದೆ ಅಳೆಯಬಹುದು. ಆದರೆ ಹತ್ತು ಸೆಂ.ಮೀ. ತರಂಗದ ಎಸ್-ಬ್ಯಾಂಡ್ ರಾಡಾರ್‌ನಲ್ಲಿ ಆಗ ಗಂಟೆಗೆ 27 ಕಿ.ಮೀ. ಮೀರಿದ ಗಾಳಿಯ ವೇಗ ತಪ್ಪಾಗಿ ತೋರುತ್ತದೆ. 1000 ಬಾರಿಗೆ ಏರಿಸಿದರೆ ವೇಗದ ಮಿತಿ 90 ಕಿ.ಮೀ.ಗೆ ಏರಿ, ದೂರದ ಮಿತಿ 150ಕ್ಕೆ ಕುಸಿಯುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದ ಈ ಇಕ್ಕಟ್ಟಿಗೆ, ಎರಡು ಆವರ್ತನೆಗಳನ್ನು ಸರದಿಯಂತೆ ಬಳಸುವುದೇ ರೂಢಿಯ ಪರಿಹಾರ.

ಘನಸ್ಥಿತಿ ಪ್ರೇಷಕಗಳು

ಇಸ್ರೊ ಅಭಿವೃದ್ಧಿಪಡಿಸಿದ, ಬೆಂಗಳೂರಿನ ಬಿಇಎಲ್ ತಯಾರಿಸಿದ ದೇಶೀಯ ಎಸ್-ಬ್ಯಾಂಡ್ ರಾಡಾರ್‌ಗಳಲ್ಲಿ ಕ್ಲೈಸ್ಟ್ರಾನ್ ಕೊಳವೆ ನೂರಾರು ಕಿಲೊವ್ಯಾಟ್ ಶಿಖರಶಕ್ತಿ ನೀಡುತ್ತದೆ. ಘನಸ್ಥಿತಿ ಪ್ರೇಷಕಗಳಿಗೆ ಅಷ್ಟು ಶಕ್ತಿಯಿಲ್ಲ. ಆದ್ದರಿಂದ ಅವು ಹತ್ತಾರು ಮೈಕ್ರೊಸೆಕೆಂಡ್ ಉದ್ದದ, ಆವರ್ತಾಂಕ ಕ್ರಮೇಣ ಬದಲಾಗುವ ಸ್ಪಂದವನ್ನು ಬಿಡುತ್ತವೆ. ಮರಳಿ ಬಂದದ್ದನ್ನು ಸಂಸ್ಕಾರಕ ಸಂಕುಚಿಸುತ್ತದೆ.

ಇದಕ್ಕೂ ಬೆಲೆಯಿದೆ. 50 ಮೈಕ್ರೊಸೆಕೆಂಡ್ ಪ್ರಸಾರವಾಗುವಾಗ ರಾಡಾರ್ ಕೇಳಿಸಿಕೊಳ್ಳಲಾರದು, ಸುತ್ತಲಿನ 7.5 ಕಿ.ಮೀ. ಕುರುಡು ವಲಯವಾಗುತ್ತದೆ. ಅದನ್ನು ತುಂಬಲು ಬೇರೊಂದು ಕಿರುಸ್ಪಂದ ಬೇಕು. ಸ್ಪಂದದ ಅಂಚುಗಳನ್ನು ನಯವಾಗಿಸದಿದ್ದರೆ, ಬಿರುಮಳೆಯ ಅಕ್ಕಪಕ್ಕದಲ್ಲಿ ಇಲ್ಲದ ಮಳೆಯೂ ಮೂಡುತ್ತದೆ.

ಮರೆತರೆ ಏನಾಗುತ್ತದೆ?

ಸ್ಪಂದವನ್ನು ಬದಲಿಸಿದಾಗ ಅದಕ್ಕೆ ಹೊಂದುವ ಶೋಧಕವನ್ನೂ ಮಾಪನಾಂಕವನ್ನೂ ಬದಲಿಸಬೇಕು. ಒಂದು ಮೈಕ್ರೊಸೆಕೆಂಡಿನ ಮಾಪನಾಂಕ ಉಳಿಸಿಕೊಂಡೇ ಎರಡು ಮೈಕ್ರೊಸೆಕೆಂಡಿನ ಸ್ಪಂದ ಬಿಟ್ಟರೆ ಪ್ರತಿಫಲನ ಇಮ್ಮಡಿಯಾಗಿ ದಾಖಲಾಗುತ್ತದೆ. ಪ್ರಚಲಿತ ಮಾರ್ಷಲ್-ಪಾಮರ್ ಸೂತ್ರದಂತೆ, ಸುರಿದದ್ದು 20 ಮಿ.ಮೀ. ಆದರೂ ಪರದೆಯ ಮೇಲೆ ಸುಮಾರು 31 ಮಿ.ಮೀ. ಕಾಣುತ್ತದೆ. ಯಂತ್ರ ಕೆಟ್ಟಿಲ್ಲ, ಚಿತ್ರ ಸುಂದರವಾಗಿಯೇ ಇದೆ. ಅಂಕಿ ಮಾತ್ರ ಸುಳ್ಳು.

ಈ ಭಾಗಕ್ಕೆ ಇದು ಸಣ್ಣ ಸಂಗತಿಯಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯ ಸೇರುತ್ತಾಳೆ. 2019ರ ಆಗಸ್ಟ್‌ನಲ್ಲಿ ಅವಳ ಪ್ರವಾಹವನ್ನು ಕಂಡವರಿಗೆ, ಜಲಾನಯನದ ಮಳೆಯ ಅಂದಾಜು ಎಷ್ಟು ಅಮೂಲ್ಯವೆಂದು ಹೇಳಬೇಕಿಲ್ಲ. ಹೆಚ್ಚು ತೋರಿದರೆ ಅನಗತ್ಯ ಭೀತಿ. ಕಡಿಮೆ ತೋರಿದರೆ ನದಿತೀರದ ಊರುಗಳಿಗೆ ಸಮಯವೇ ಸಿಗದು.

ಆದುದರಿಂದಲೇ ರಾಡಾರ್‌ನ ಅಂಕಿಯನ್ನು ನೆಲದ ಮಳೆಮಾಪಕಗಳೊಂದಿಗೆ ತಾಳೆ ನೋಡುವುದು ಅವಶ್ಯ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೂ ದೂರಮಾಪಕ ಮಳೆಮಾಪಕಗಳ ಜಾಲವಿದೆ. ಆಕಾಶದ ಕಣ್ಣು ಎಷ್ಟೇ ತೀಕ್ಷ್ಣವಾಗಿದ್ದರೂ, ಕೊನೆಯ ಸಾಕ್ಷಿ ಹೇಳಬೇಕಾದುದು ನೆಲವೇ.