ಬಿಸಿಲಿಗಾಗಿ ಆಮೆಗಳ ಜಗಳ

ಚಿನ್ನದ ಬೆನ್ನು ಹತ್ತಿ 1849ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಂದಿಳಿದವರ ಹೊಟ್ಟೆ ತುಂಬಿಸಲು ವ್ಯಾಪಾರಿಗಳು ಸಿಕ್ಕಿದ್ದನ್ನೆಲ್ಲ ಪೇಟೆಗೆ ತಂದರು. ಗಲಾಪಗೋಸ್ ದ್ವೀಪಗಳ ದೈತ್ಯ ಆಮೆಗಳು ಹಡಗೇರಿ ಬಂದವು. ಅವುಗಳ ಹಿಂದೆಯೇ ಕ್ಯಾಲಿಫೋರ್ನಿಯಾದ ಸ್ವಂತ ಸಿಹಿನೀರಿನ ಆಮೆ, ವೆಸ್ಟರ್ನ್ ಪಾಂಡ್ ಟರ್ಟಲ್, ಹೋಟೆಲುಗಳ ಸೂಪಿನ ಪಾತ್ರೆ ಸೇರಿತು. 1890ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತುಲಾರೆ ಸರೋವರದಲ್ಲಿ ಹಿಡಿದ ಸಾವಿರಾರು ಆಮೆಗಳು ಸ್ಯಾನ್ ಫ್ರಾನ್ಸಿಸ್ಕೊದ ಮಾರುಕಟ್ಟೆಗೆ ಬರುತ್ತಿದ್ದವು.

ಅಡುಗೆಮನೆಗೆ ಹೋಗುವ ಆಮೆಗಳು ಒಂದರ ಮೇಲೊಂದು ಬಿದ್ದು ಕಚ್ಚಾಡಿದರೂ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆಮೆ ಸಾಕುಪ್ರಾಣಿಯಾದ ಮೇಲೆ ಆ ಜಗಳ ಮನೆಯೊಳಗೆ ಬಂತು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಚಿಲ್ಲರೆ ಅಂಗಡಿಗಳು ಕೆಲವೇ ಸೆಂಟಿನ ಬೆಲೆಗೆ ಮರಿ ಆಮೆಗಳನ್ನು ಮಾರುತ್ತಿದ್ದವು. ಲೂಸಿಯಾನದ ಫಾರ್ಮುಗಳಲ್ಲಿ ಹುಟ್ಟಿದ, ಕಣ್ಣಿನ ಹಿಂದೆ ಕೆಂಪು ಪಟ್ಟಿಯಿದ್ದ ರೆಡ್ ಇಯರ್ಡ್ ಸ್ಲೈಡರ್‌ಗಳೇ ಅವುಗಳಲ್ಲಿ ಹೆಚ್ಚು. ಜೊತೆಗೆ ಪ್ಲಾಸ್ಟಿಕ್ ತಾಳೆಮರ ನೆಟ್ಟ ಅಂಗೈಯಗಲದ ಬೋಗುಣಿಯೂ ಸಿಗುತ್ತಿತ್ತು. ಒಂಟಿಯಾಗಿದ್ದರೆ ಬೇಸರವಾದೀತೆಂದು ಮಕ್ಕಳು ಎರಡೆರಡು ತಂದರು. ಬಹುಪಾಲು ಮರಿಗಳು ಜಗಳವಾಡುವ ವಯಸ್ಸಿಗೆ ಮೊದಲೇ ಸತ್ತವು.

ಈ ಮರಿಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ಹರಡುವುದು ಗೊತ್ತಾಗಿ, 1975ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವುದನ್ನು ನಿಷೇಧಿಸಿತು. ಶಿಕ್ಷಣದ ಉದ್ದೇಶಕ್ಕೆ ಬಿಟ್ಟಿದ್ದ ಕಿಂಡಿಯಲ್ಲಿ ಕೆಲವರು ಮಾರಾಟ ಮುಂದುವರಿಸಿದರು. ಇತ್ತ ಚೆನ್ನಾಗಿ ಸಾಕಿದ ಮನೆಗಳಲ್ಲಿ ಸ್ಲೈಡರ್ ದಶಕಗಳ ಕಾಲ ಬದುಕಿತು. ಹೆಣ್ಣಿನ ಚಿಪ್ಪು 25 ಸೆಂಟಿಮೀಟರ್ ದಾಟಿತು. ಗಂಡುಗಳು ಒಂದರ ಬಾಲ, ಕತ್ತು, ಕಾಲನ್ನು ಇನ್ನೊಂದು ಕಚ್ಚತೊಡಗಿದವು. ಮುಂಗಾಲಿನ ಉದ್ದ ಉಗುರುಗಳನ್ನು ಹೆಣ್ಣಿನ ಮುಖದೆದುರು ಅದುರಿಸುತ್ತ, ಗಂಡು ಅದನ್ನು ಊಟಕ್ಕೂ ಬಿಡದೆ ಕಾಡಿತು.

ಈ ಕಚ್ಚಾಟ ಗಾಜಿನ ತೊಟ್ಟಿಯಿಂದಷ್ಟೇ ಬಂದ ಚಾಳಿಯಲ್ಲ. ವೆಸ್ಟರ್ನ್ ಪಾಂಡ್ ಟರ್ಟಲ್‌ಗಳನ್ನು ಅವುಗಳ ನೆಲೆಯಲ್ಲೇ ಗಮನಿಸಿದ ಬ್ರೂಸ್ ಬ್ಯೂರಿ ಮತ್ತು ಜ್ಯಾಕ್ಲಿನ್ ವುಲ್ಫೈಮ್ 1973ರಲ್ಲಿ ಪ್ರಕಟಿಸಿದ ಬರಹದಲ್ಲಿ, ಬಿಸಿಲು ಕಾಯುವ ಜಾಗಕ್ಕಾಗಿ ಅವು ಬಾಯ್ತೆರೆದು ಹೆದರಿಸುವುದನ್ನು, ತಳ್ಳುವುದನ್ನು, ಕಚ್ಚುವುದನ್ನು ವಿವರಿಸಿದರು. ಮೈ ಬಿಸಿಯಾಗದೆ ಆಮೆಗೆ ತಿಂದದ್ದು ಅರಗುವುದಿಲ್ಲ. ಹೊಳೆಯಲ್ಲಿ ಸೋತ ಆಮೆ ಇನ್ನೊಂದು ದಿಮ್ಮಿಗೆ ಈಜಿ ಹೋಗುತ್ತದೆ. ತೊಟ್ಟಿಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ.

ಬೇಸತ್ತ ಮಾಲೀಕರಲ್ಲಿ ಅನೇಕರು ಆಮೆಯನ್ನು ಹತ್ತಿರದ ಕೆರೆಗೆ ಬಿಟ್ಟರು. ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಉದ್ಯಾನದಲ್ಲಿರುವ ಮೌಂಟನ್ ಲೇಕ್ ಎಂಬ ಕೆರೆ ದಶಕಗಳ ಕಾಲ ಗೋಲ್ಡ್‌ಫಿಷ್, ಸ್ಲೈಡರ್‌ಗಳಂಥ ಬೇಡವಾದ ಪ್ರಾಣಿಗಳನ್ನು ತುಂಬಿಕೊಂಡಿತು. 1996ರಲ್ಲಿ ಅಲ್ಲೊಂದು ಮೊಸಳೆ ಜಾತಿಯ ಪ್ರಾಣಿಯೂ ಸಿಕ್ಕಿತು. ಗಾಜಿನೊಳಗಿನ ಜಗಳ ಹೀಗೆ ಕೆರೆಗೆ ಇಳಿಯಿತು. ದೊಡ್ಡ ಸ್ಲೈಡರ್‌ಗಳು ದಿಮ್ಮಿಗಳನ್ನು ಹಿಡಿದವು, ಸ್ಥಳೀಯ ಆಮೆಗಳ ಪಾಲಿನ ಬಿಸಿಲು ಕಡಿಮೆಯಾಯಿತು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಬೊರೇಟಂ ಎಂಬ ಸಸ್ಯೋದ್ಯಾನದಿಂದ 2011ರಲ್ಲಿ 177 ಸ್ಲೈಡರ್‌ಗಳನ್ನು ತೆಗೆದ ಮೇಲೆ ಅಲ್ಲಿನ ವೆಸ್ಟರ್ನ್ ಪಾಂಡ್ ಟರ್ಟಲ್‌ಗಳ ತೂಕ ಹೆಚ್ಚಿದ್ದನ್ನು 2019ರ ಅಧ್ಯಯನ ತೋರಿಸಿತು. ಮೌಂಟನ್ ಲೇಕ್‌ನಲ್ಲಿ ಹೊರಗಿನ ಮೀನುಗಳನ್ನು 2014ರಲ್ಲಿ ನಿರ್ಮೂಲ ಮಾಡಿ, ಮರುವರ್ಷ ಸ್ಥಳೀಯ ಆಮೆಗಳನ್ನು ಬಿಡಲಾಯಿತು.

ಸ್ಥಳೀಯ ಆಮೆಗಳಿಗೆ ಕಾನೂನಿನ ರಕ್ಷಣೆಯೂ ಇದೆ. ಕರ್ನಾಟಕದಲ್ಲಿ ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕ್ಯಾಲಿಫೋರ್ನಿಯಾದಲ್ಲೂ ಪಾಂಡ್ ಟರ್ಟಲ್ ಹಿಡಿದು ಸಾಕುವಂತಿಲ್ಲ. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಮನೆಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಸ್ಲೈಡರ್‌ಗಳೇ. ಅನುಭವಿಗಳು ಮೊದಲು ಹೇಳುವುದು ಜಗಳಗಂಟರಿಗೆ ಬೇರೆ ಬೇರೆ ತೊಟ್ಟಿ. ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 10 ಗ್ಯಾಲನ್, ಅಂದರೆ 38 ಲೀಟರ್ ನೀರು ಎಂಬುದು ಅವರ ಲೆಕ್ಕ. ಪ್ರತಿಯೊಂದಕ್ಕೂ ಒಣ ಕಟ್ಟೆ, ಬಿಸಿಲಿನಂಥ ದೀಪ, ಯುವಿಬಿ ಎಂಬ ನೇರಳಾತೀತ ಬೆಳಕು ಬೇಕು. ಅಕ್ಕಪಕ್ಕದ ಗಾಜಿನಿಂದ ಒಂದಕ್ಕೊಂದು ಕಾಣದಂತೆ ನಡುವೆ ಮರೆ ಕಟ್ಟುತ್ತಾರೆ. ಕಚ್ಚಿದ ಗಾಯ ಸಣ್ಣದಾದರೂ ಕೀವು ಕಟ್ಟಬಹುದು, ಪಶುವೈದ್ಯರಿಗೆ ತೋರಿಸಬೇಕು. ಕರಾವಳಿಯ ಮಂಜಿಗಿಂತ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಬಿಸಿಲು ಹಿತ್ತಿಲ ಕೊಳಕ್ಕೆ ಒಗ್ಗುತ್ತದೆ. ಅಲ್ಲೂ ರಕೂನ್‌ಗಳಿಗೆ ಸಿಗದಂತೆ ಮೇಲೆ ಬಲೆ, ಸುತ್ತ ಬೇಲಿ ಇರಬೇಕು.

ಇಷ್ಟು ಜಾಗ ಹೊಂದಿಸಲಾಗದ ಮನೆಯವರು ಆಮೆಯನ್ನು ಕೆರೆಗೆ ಬಿಡುವಂತಿಲ್ಲ, ಅದು ಕಾನೂನುಬಾಹಿರ. ಅಂಥ ಆಮೆಗಳಿಗೆ ಹೊಸ ಮನೆ ಹುಡುಕುವ ಕೆಲಸವನ್ನು ಬೇ ಏರಿಯಾ ಟರ್ಟಲ್ ಅಂಡ್ ಟಾರ್ಟಾಯ್ಸ್ ರೆಸ್ಕ್ಯೂದಂಥ ಸಂಸ್ಥೆಗಳು ಮಾಡುತ್ತಿವೆ.