ಓಟದ ಕೋರಣ್ಯ

ನಮ್ಮೂರ ವಾಚನಾಲಯದವರು ಈ ಸಲದ ಪುಸ್ತಕಕ್ಕೆ ಒಂದು ಚರಿತ್ರೆ ಬರ್ಕೊಡಿ ಅಂದ್ರು. ನಾನು ಏಳನೇ ಕ್ಲಾಸು ಓದಿದವನು. ರಾಗಿ, ಮರಗೆಣಸು ಬೆಳೀತೀನಿ, ಮಾದಪ್ಪನ ಪದ ಹಾಡ್ತೀನಿ. ರಾಜರ ಚರಿತ್ರೆ ನನಗೆ ಬರೋದಿಲ್ಲ. ಹೋದ ಸಂಕ್ರಾಂತಿ ಕಳೆದ ಮೇಲೆ ನಮ್ಮ ಹುಡುಗರು ಕ್ಯಾನ್ಸರ್ ರೋಗಿಗಳಿಗೆ ದುಡ್ಡು ಎತ್ತೋದಕ್ಕೆ ಓಟ ಇಟ್ಟರಲ್ಲ, ಅಂಥ ಓಟ ಎಲ್ಲಿಂದ ಬಂತು ಅನ್ನೋದನ್ನ ಬರೀತೀನಿ.

ಓಟದ ಮಾತು ಬಂದಾಗ ಮೊದಲು ನಕ್ಕವನು ನಾನೇ. "ನಾವು ಓಡಿದ್ರೆ ರೋಗ ಓಡ್ಹೋಗ್ತದೇನ್ರಪ್ಪಾ? ದುಡ್ಡು ಬೇಕಾದ್ರೆ ಕೇಳಿ, ಕೊಡ್ತೀವಿ" ಅಂದೆ. ಒಬ್ಬ ಹುಡುಗ, "ತಾತಾ, ನೀವು ಕಂಸಾಳೆ ಹಿಡ್ಕೊಂಡು ಮನೆಮನೆ ತಿರುಗಿ ಕೋರಣ್ಯ ಎತ್ತೀರಲ್ಲ, ಸುಮ್ನೆ ಕೇಳಿದ್ರೆ ರಾಗಿ ಹಾಕೋದಿಲ್ವಾ?" ಅಂದ. ನನಗೆ ಬಾಯಿ ಕಟ್ಟಿತು.

ಆಮೇಲೆ ಅವರು ಟೆರ್ರಿ ಫಾಕ್ಸ್ ಅನ್ನೋ ಹುಡುಗನ ಕಥೆ ಓದಿ ಹೇಳಿದರು. ಅವನು ಕೆನಡಾ ದೇಶದವನು, 1958ರಲ್ಲಿ ಹುಟ್ಟಿದವನು. 1977ರಲ್ಲಿ ಮೂಳೆ ಕ್ಯಾನ್ಸರ್ ಬಂದು ಬಲಗಾಲನ್ನ ಮಂಡಿಗಿಂತ ಮೇಲಕ್ಕೆ ತೆಗೆದರು. ಎರಡು ವರ್ಷ ಮುಂಚೆ ಈ ರೋಗ ಬಂದಿದ್ದರೆ ಬದುಕೋ ಆಸೆ 100ಕ್ಕೆ 15 ಇತ್ತು, ಹೊಸ ಔಷಧಿ ಬಂದು ಈಗ 50 ಆಗಿದೆ ಅಂತ ಅವನಿಗೆ ಹೇಳಿದರಂತೆ. ಸಂಶೋಧನೆಗೆ ದುಡ್ಡು ಹಾಕಿದರೆ ಜೀವ ಉಳೀತದೆ ಅಂತ ಅವನಿಗೆ ಗೊತ್ತಾಯ್ತು. 1980ರ ಏಪ್ರಿಲ್ 12ರಂದು ಕಟ್ಟುಕಾಲನ್ನ ಪೂರ್ವದ ಸಮುದ್ರದಲ್ಲಿ ಅದ್ದಿ, ಪಶ್ಚಿಮದ ಸಮುದ್ರಕ್ಕೆ ಓಡೋದಕ್ಕೆ ಹೊರಟ. ದಿನಕ್ಕೆ 42 ಕಿಲೋಮೀಟರ್ ಓಡಬೇಕು ಅನ್ನೋದು ಅವನ ಲೆಕ್ಕ. ಅಂದ್ರೆ ದಿನಾ ಧರ್ಮಪುರಿಯಿಂದ ಹೊಗೇನಕಲ್ಲಿಗೆ ಓಡಿದ ಹಾಗೆ, ಹೆಚ್ಚು ಕಡಿಮೆ. ದೇಶದ ಒಬ್ಬೊಬ್ಬರೂ ಒಂದು ಡಾಲರ್ ಕೊಡಲಿ ಅಂತ ಕೇಳಿದ.

143 ದಿನದಲ್ಲಿ 5,373 ಕಿಲೋಮೀಟರ್ ಓಡಿದ. ರೋಗ ಶ್ವಾಸಕೋಶಕ್ಕೆ ಹತ್ತಿತ್ತು, ಸೆಪ್ಟೆಂಬರ್ 1ಕ್ಕೆ ಓಟ ನಿಂತಿತು. ಮುಂದಿನ ಫೆಬ್ರವರಿ ಹೊತ್ತಿಗೆ 2 ಕೋಟಿ 40 ಲಕ್ಷ ಡಾಲರ್ ದಾಟಿತ್ತು, ತಲೆಗೊಂದು ಡಾಲರ್ ಆಯ್ತು. 1981ರ ಜೂನ್ 28ರಂದು ತೀರಿಕೊಂಡ. 22 ವಯಸ್ಸು. ಅದೇ ವರ್ಷ ಸೆಪ್ಟೆಂಬರಿನಿಂದ ಅವನ ಹೆಸರಲ್ಲಿ ಓಟ ಶುರುವಾಯ್ತು. ಈಗ ಎಷ್ಟೋ ದೇಶದಲ್ಲಿ ಓಡ್ತಾರೆ, ನಮ್ಮ ಚೆನ್ನೈನ ಐಐಟಿಯಲ್ಲೂ ಓಡಿದ್ದಾರೆ. ನಮ್ಮ ದೇಶದಲ್ಲೇ 2012ರಲ್ಲಿ ಪಿಂಕಥಾನ್ ಅಂತ ಹೆಂಗಸರ ಓಟ ಹುಟ್ಟಿತು, ಎದೆಯ ಕ್ಯಾನ್ಸರ್ ವಿಷಯ ತಿಳಿಸೋದಕ್ಕೆ.

ಜನರ ಹತ್ತಿರ ದುಡ್ಡು ಎತ್ತಿ ಕ್ಯಾನ್ಸರಿಗೆ ಆಸ್ಪತ್ರೆ ಕಟ್ಟಿದ್ದು ನಮ್ಮ ಸೀಮೆಗೆ ಹೊಸದಲ್ಲ. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ತಂಗಿ ಇದೇ ರೋಗದಲ್ಲಿ ಹೋದರು. ಆ ಸಂಕಟ ಮರೀದೆ ಅಮ್ಮನವರು ದಾನ ಕೇಳಿ ಕೇಳಿ 1954ರಲ್ಲಿ ಅಡ್ಯಾರಿನಲ್ಲಿ ಆಸ್ಪತ್ರೆ ತೆರೆದರು. ಆಗ ಇದ್ದದ್ದು 12 ಹಾಸಿಗೆ. ಅಲ್ಲಿಗೆ ಬಂದ ಡಾಕ್ಟರ್ ಶಾಂತಾ 2021ರಲ್ಲಿ ತೀರಿಕೊಳ್ಳೋವರೆಗೂ ಅಲ್ಲೇ ಇದ್ದರು. ತಂಗಿಗಾಗಿ ಅತ್ತವರು ಬಹಳ ಜನ. ಅಮ್ಮನವರು ಅತ್ತು ಸುಮ್ಮನಾಗಲಿಲ್ಲ.

ಇದನ್ನ ಬರೆಯುವಾಗ ನನ್ನ ಕೈ ನಡುಗ್ತದೆ. ನಮ್ಮಕ್ಕನಿಗೂ ಎದೆಯಲ್ಲಿ ಗಂಟು ಇತ್ತು. ಗಂಡಸರ ಹತ್ತಿರ ಹೆಂಗೆ ಹೇಳೋದು ಅಂತ ಎರಡು ವರ್ಷ ಅರಿಶಿನ ಹಚ್ಕೊಂಡು ಮುಚ್ಚಿಟ್ಟಳು. ಆಸ್ಪತ್ರೆಗೆ ಕರ್ಕೊಂಡು ಹೋದಾಗ ಹೊತ್ತು ಮೀರಿತ್ತು. ಅಂಟುರೋಗ ಅಂತ ಮನೆಯಲ್ಲಿ ಅವಳ ಲೋಟ ಬೇರೆ ಇಟ್ಟರು. ನಾನೂ ಕೂಡ ನನ್ನ ಮಕ್ಕಳನ್ನ ಅವಳ ಹತ್ತಿರ ಬಿಡ್ತಿರಲಿಲ್ಲ. ಅದು ಅಂಟೋ ರೋಗ ಅಲ್ಲ ಅಂತ ನನಗೆ ತಿಳಿದದ್ದು ಅವಳು ಹೋಗಿ ಎಷ್ಟೋ ವರ್ಷದ ಮೇಲೆ. ಊರೂರು ಮಾದಪ್ಪನ ಪದ ಹಾಡಿದವನು ಒಡಹುಟ್ಟಿದವಳ ಪಕ್ಕ ಕೂರಲಿಲ್ಲ.

ಓಟದ ದಿನ ಹುಡುಗರು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು, ಯಾರಿಗಾಗಿ ಓಡ್ತೀವಿ ಅಂತ ಬರೆದು ಎದೆಗೆ ಚುಚ್ಕೊಳ್ಳೋದಕ್ಕೆ. ರೋಗದ ಹೆಸರನ್ನೇ ಬಾಯಲ್ಲಿ ಹೇಳದ ಹೆಂಗಸರು ಬಂದು ಅತ್ತೆಗೆ, ತಾಯಿಗೆ, ಮಗಳಿಗೆ ಅಂತ ಬರೆಸ್ಕೊಂಡರು. ನಾನು 'ನಮ್ಮಕ್ಕನಿಗೆ' ಅಂತ ಬರೆದೆ. ಓಡೋ ಶಕ್ತಿ ಇಲ್ಲ, ನಡೆದೆ. ಬೀದಿಯವರು ಜೋಳಿಗೆಗೆ ಹತ್ತು, ಇಪ್ಪತ್ತು ಹಾಕಿದರು. ಲೆಕ್ಕವನ್ನ ವಾಚನಾಲಯದ ಗೋಡೆ ಮೇಲೆ ಅಂಟಿಸಿದ್ದಾರೆ, ಯಾರು ಬೇಕಾದ್ರೂ ನೋಡಬಹುದು.

ಕೋರಣ್ಯ ಎತ್ತುವಾಗ ಮನೆಮುಂದೆ ನಿಂತು ಹಾಡಿದರೆ ಒಳಗಿದ್ದವರು ಹೊರಗೆ ಬರ್ತಾರೆ. ಓಟವೂ ಹಾಗೇ. ದುಡ್ಡಿನ ಜತೆಗೆ ಒಳಗೆ ಮುಚ್ಚಿಟ್ಟ ಮಾತೂ ಹೊರಗೆ ಬಂತು. ಓಟ ಆಗಿ ಒಂದು ವಾರಕ್ಕೆ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ನನ್ನ ಸೊಸೆ ಹತ್ತಿರ ಬಂದು, "ನನಗೂ ಒಂದು ಗಂಟಿದೆ ಅಕ್ಕಾ" ಅಂದಳು. ಇಬ್ಬರೂ ಮಾರನೇ ದಿನವೇ ಬಸ್ಸು ಹತ್ತಿ ತೋರಿಸ್ಕೊಂಡು ಬಂದರು. ಸಾಮಾನ್ಯ ಗಂಟು, ಭಯ ಇಲ್ಲ ಅಂದರಂತೆ.

ಓದುವ ಅಕ್ಕತಂಗೀರೇ, ಮೈಯಲ್ಲಿ ಗಂಟು ಕಂಡರೆ ಮುಚ್ಚಿಡಬೇಡಿ. ಅಣ್ಣತಮ್ಮಂದಿರೇ, ಅವರು ಹೇಳಿದರೆ ಅವತ್ತೇ ಕರ್ಕೊಂಡು ಹೋಗಿ. ಬರೋ ವರ್ಷದ ಓಟಕ್ಕೂ ನಾನು ಬರ್ತೀನಿ, ಕಂಸಾಳೆ ತಗೊಂಡೇ ಬರ್ತೀನಿ.